ಹಾರಲು ದಾರಿ ಇತ್ತು, ಇಳಿಯಲು ಜಾಗ ಇರಲಿಲ್ಲ

ಹೋದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದ ಅಟ್ಲಾಂಟಿಕ್ ಕಾನ್ವಾಯ್‌ಗಳ (ಬೆಂಗಾವಲಿನ ಜೊತೆ ಗುಂಪಾಗಿ ಸಾಗುವ ಸರಕು ಹಡಗುಗಳ) ಬಗ್ಗೆ ಬರೆಯುವಾಗ ಒಂದು ಮಾತು ಹಾಗೇ ಹೇಳಿ ಮುಂದೆ ಹೋಗಿದ್ದೆ. ಕೆಲವು ಸರಕು ಹಡಗುಗಳ ಮೂತಿಯ ಮೇಲೆ ಒಂದೇ ಒಂದು ಫೈಟರ್ ವಿಮಾನ ಇರುತ್ತಿತ್ತು, ಒಮ್ಮೆ ಹಾರಿಸಿದರೆ ಅದು ಮತ್ತೆ ಹಡಗಿಗೆ ಬರುವಂತಿರಲಿಲ್ಲ ಅಂತ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ಒಂದು ಮಾತಿನ ಬಗ್ಗೆಯೇ ಇವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಿಮ್ಮ ಮಾತು ಓದಿ ನಂಬಲಿಕ್ಕೆ ಆಗಲಿಲ್ಲ. ಸರಕು ಹಡಗಿನ ಮೇಲೆ ಯುದ್ಧವಿಮಾನ ಯಾಕೆ? ಬಂದೂಕು, ತೋಪು ಸಾಲದಾಗಿದ್ದವಾ? (ಧಾರವಾಡದ ಓದುಗರು)

ಸಾಲದಾಗಿದ್ದವು. ಯಾಕೆ ಅಂತ ತಿಳಿಯಲು ಒಂದು ವಿಮಾನದ ಬಗ್ಗೆ ಹೇಳಬೇಕು.

1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಿತು. ಅದರ ಅಟ್ಲಾಂಟಿಕ್ ಕರಾವಳಿ ಪೂರ್ತಿ ಜರ್ಮನಿಯ ಕೈಗೆ ಹೋಯಿತು. ಬೋರ್ಡೋ ಊರಿನ ಹತ್ತಿರ ಮೆರಿನ್ಯಾಕ್ ಅನ್ನೋ ವಿಮಾನ ನೆಲೆ ಇದೆ. ಅಲ್ಲಿಗೆ ಜರ್ಮನಿ ತನ್ನ ಫೋಕೆ-ವುಲ್ಫ್ ಕಾಂಡೋರ್ ವಿಮಾನಗಳನ್ನು ತಂದಿಟ್ಟಿತು. ನಾಲ್ಕು ಎಂಜಿನ್‌ನ ದೊಡ್ಡ ವಿಮಾನ. ಮೂಲದಲ್ಲಿ ಇದು ಬಾಂಬರ್ ಅಲ್ಲ, ಪ್ರಯಾಣಿಕರ ವಿಮಾನ. 1938ರ ಆಗಸ್ಟ್‌ನಲ್ಲಿ ಇದೇ ಮಾದರಿಯ ವಿಮಾನ ಬರ್ಲಿನ್‌ನಿಂದ ನ್ಯೂಯಾರ್ಕ್‌ವರೆಗೆ ಎಲ್ಲೂ ಇಳಿಯದೆ ಸುಮಾರು 25 ತಾಸು ಹಾರಿತ್ತು. ಅಷ್ಟು ದೂರ ಹೋಗುವ ವಿಮಾನಕ್ಕೆ ಬಾಂಬ್ ಕಟ್ಟಿ ಸಮುದ್ರದ ಮೇಲೆ ಬಿಟ್ಟರೆ ಏನಾಗುತ್ತದೆ ಹೇಳಿ. ಬೋರ್ಡೋದಿಂದ ಎದ್ದು, ಐರ್ಲೆಂಡ್‌ನ ಪಶ್ಚಿಮಕ್ಕೆ ದೊಡ್ಡ ಸುತ್ತು ಹಾಕಿ, ನಾರ್ವೆಯಲ್ಲಿ ಇಳಿಯುತ್ತಿದ್ದವು. ದಾರಿಯಲ್ಲಿ ಒಂಟಿ ಹಡಗು ಸಿಕ್ಕರೆ ತಗ್ಗಿ ಬಂದು ಬಾಂಬ್ ಹಾಕುತ್ತಿದ್ದವು.

1940ರ ಅಕ್ಟೋಬರ್ 26ರಂದು 'ಎಂಪ್ರೆಸ್ ಆಫ್ ಬ್ರಿಟನ್' ಅನ್ನೋ 42 ಸಾವಿರ ಟನ್‌ನ ಹಡಗಿಗೆ ಹೀಗೇ ಬೆಂಕಿ ಬಿತ್ತು. ಅದನ್ನು ಎಳೆದುಕೊಂಡು ಹೋಗುತ್ತಿದ್ದಾಗ, ಎರಡು ದಿನದ ಮೇಲೆ, ಯು-32 ಸಬ್‌ಮೆರಿನ್ ಟಾರ್ಪೆಡೊ ಹೊಡೆದು ಮುಳುಗಿಸಿತು. ಮೇಲಿನಿಂದ ಒಬ್ಬ, ಕೆಳಗಿನಿಂದ ಇನ್ನೊಬ್ಬ.

ಬಾಂಬ್‌ಗಿಂತಲೂ ಕೆಟ್ಟದ್ದು ಕಾಂಡೋರ್‌ನ ಇನ್ನೊಂದು ಕೆಲಸ. ಹಡಗುಗಳ ಗುಂಪು ಕಂಡಿತು ಅಂದರೆ ತೋಪಿನ ಗುಂಡು ತಲುಪದಷ್ಟು ದೂರದಲ್ಲಿ ನಿಧಾನಕ್ಕೆ ಸುತ್ತು ಹೊಡೆಯುತ್ತಾ, ಎಲ್ಲಿದ್ದಾರೆ, ಯಾವ ದಿಕ್ಕಿಗೆ, ಎಷ್ಟು ವೇಗ ಅನ್ನೋದನ್ನೆಲ್ಲ ರೇಡಿಯೋದಲ್ಲಿ ಕಳಿಸುತ್ತಿತ್ತು. ಅದನ್ನು ಕೇಳಿ ಸಬ್‌ಮೆರಿನ್‌ಗಳು ಬಂದು ಸೇರುತ್ತಿದ್ದವು. ಹಡಗಿನವರಿಗೆ ಕಣ್ಣೆದುರೇ ಕಾಣುತ್ತದೆ, ಏನೂ ಮಾಡಲಿಕ್ಕಾಗದು. ಬ್ರಿಟನ್ನಿನ ನೆಲದಿಂದ ಏಳುವ ಫೈಟರ್‌ಗಳು ಅಷ್ಟು ದೂರ ಬರಲಾರವು. ಹಾಗಾದರೆ ಫೈಟರನ್ನೇ ಹಡಗಿನ ಜೊತೆ ಕಳಿಸಬೇಕು. ಬೇರೆ ದಾರಿ ಇರಲಿಲ್ಲ.

ಪ್ರಶ್ನೆ: ನಮ್ಮ ಕಾರವಾರದ ನೆಲೆಯಲ್ಲಿ ಐಎನ್‌ಎಸ್ ವಿಕ್ರಮಾದಿತ್ಯ ಇದೆ. ವಿಮಾನ ಅದರಿಂದ ಏಳುತ್ತದೆ, ಅದರ ಮೇಲೆಯೇ ಇಳಿಯುತ್ತದೆ. ಬ್ರಿಟಿಷರ ಹತ್ತಿರ ಆಗ ಅಂಥ ಹಡಗು ಇರಲಿಲ್ಲವಾ? (ಕಾರವಾರದ ಓದುಗರು)

ಇದ್ದವು, ಆದರೆ ಬೆರಳೆಣಿಕೆಯಷ್ಟು. ಅದರಲ್ಲೂ 'ಕರೇಜಿಯಸ್' 1939ರ ಸೆಪ್ಟೆಂಬರ್‌ನಲ್ಲೇ ಮುಳುಗಿತ್ತು, 'ಗ್ಲೋರಿಯಸ್' 1940ರ ಜೂನ್‌ನಲ್ಲಿ. ಉಳಿದವು ನೌಕಾಪಡೆಯ ದೊಡ್ಡ ಕಾಳಗಗಳಿಗೇ ಸಾಲುತ್ತಿರಲಿಲ್ಲ. ಗೋಧಿ, ಎಣ್ಣೆ ಹೊತ್ತು ನಿಧಾನಕ್ಕೆ ಸಾಗುವ ಹಡಗುಗಳ ಜೊತೆ ಒಂದೊಂದು ವಿಮಾನವಾಹಕ ಕಳಿಸುವುದು ಆಗದ ಮಾತು. ಹೊಸದು ಕಟ್ಟಲು ವರ್ಷಗಳು ಬೇಕು. ಹಡಗುಗಳು ಮುಳುಗುತ್ತಿದ್ದದ್ದು ಆ ವಾರ, ಆ ದಿನ.

ವಿಕ್ರಮಾದಿತ್ಯದಲ್ಲಿ ಮೂತಿ ಮೇಲಕ್ಕೆ ಬಾಗಿದೆ, ವಿಮಾನ ತನ್ನ ಎಂಜಿನ್ ಬಲದಲ್ಲೇ ಆ ಏರು ಹತ್ತಿ ಏಳುತ್ತದೆ. ನಮ್ಮ ಹಳೆಯ ವಿಕ್ರಾಂತ್‌ನಲ್ಲಿ ಮೊದಲು ಹಬೆಯ ಬಲದಿಂದ ವಿಮಾನವನ್ನು ತಳ್ಳುವ ಕ್ಯಾಟಪುಲ್ಟ್ ಇತ್ತು. 1941ರ ಬ್ರಿಟಿಷರಿಗೆ ಅಷ್ಟು ದೊಡ್ಡ ಯಂತ್ರ ಕೂರಿಸುವ ಸಮಯ ಇರಲಿಲ್ಲ. ಅವರು ಮಾಡಿದ್ದು ತುಂಬಾ ಸರಳ. ಸರಕು ಹಡಗಿನ ಮೂತಿಯ ಮೇಲೆ ಸುಮಾರು 25 ಮೀಟರ್ ಉದ್ದದ ಕಬ್ಬಿಣದ ಹಳಿ. ಹಳಿಯ ಮೇಲೆ ಒಂದು ಟ್ರಾಲಿ. ಟ್ರಾಲಿಯ ಮೇಲೆ ಹರಿಕೇನ್ ಅನ್ನೋ ಬ್ರಿಟಿಷ್ ಫೈಟರ್ ವಿಮಾನ. ಟ್ರಾಲಿಯ ಹಿಂದೆ ರಾಕೆಟ್‌ಗಳ ಗೊಂಚಲು. ಅದು ಕವಣೆಯೇ, ಕಲ್ಲಿನ ಬದಲು ಒಬ್ಬ ಮನುಷ್ಯ ಕೂತ ವಿಮಾನ.

ಇಳಿಯಲು ಮಾತ್ರ ಜಾಗ ಇಲ್ಲ. ಹಿಂದೆ ಸರಕಿನ ಬಾಗಿಲುಗಳು, ಕ್ರೇನ್ ಕಂಬಗಳು, ಕ್ಯಾಪ್ಟನ್ ನಿಲ್ಲುವ ಬ್ರಿಡ್ಜ್, ಹೊಗೆ ಕೊಳವೆ. ಹಡಗು ತನ್ನ ಮಾಮೂಲಿ ಸರಕನ್ನೂ ಹೊತ್ತೇ ಹೋಗಬೇಕು ಅಲ್ವಾ, ಅದಕ್ಕೇ ತಾನೇ ಅದು ಹೊರಟಿದ್ದು.

ಇದರಲ್ಲಿ ಎರಡು ಬಗೆ ಇತ್ತು, ಪತ್ರ ಬರೆದವರಲ್ಲಿ ಕೆಲವರು ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಮೊದಲನೆಯದು 'ಪೆಗಾಸಸ್', 'ಮೇಪ್ಲಿನ್', 'ಸ್ಪ್ರಿಂಗ್‌ಬ್ಯಾಂಕ್', 'ಅರಿಗ್ವಾನಿ', 'ಪೇಟಿಯಾ' ಅನ್ನೋ ಐದು ಹಡಗುಗಳು. ಅವು ನೌಕಾಪಡೆಯವು, ಪೈಲಟ್‌ಗಳೂ ನೌಕಾಪಡೆಯವರು. ಎರಡನೆಯದು ಕ್ಯಾಮ್ (ಕ್ಯಾಟಪುಲ್ಟ್ ಏರ್‌ಕ್ರಾಫ್ಟ್ ಮರ್ಚೆಂಟ್, ಅಂದರೆ ಕವಣೆ ವಿಮಾನ ಹೊತ್ತ ಸರಕು ಹಡಗು) ಹಡಗುಗಳು, ಒಟ್ಟು 35. ಇವು ಅಪ್ಪಟ ಸರಕು ಹಡಗುಗಳು, ಹೆಚ್ಚಿನವುಗಳ ಹೆಸರು 'ಎಂಪೈರ್' ಅಂತಲೇ ಶುರುವಾಗುತ್ತದೆ. ಇವುಗಳ ಪೈಲಟ್‌ಗಳು ವಾಯುಪಡೆಯವರು. ಅವರಿಗಾಗಿಯೇ 1941ರ ಮೇ ತಿಂಗಳಲ್ಲಿ ಲಿವರ್‌ಪೂಲ್ ಹತ್ತಿರದ ಸ್ಪೀಕ್‌ನಲ್ಲಿ ಒಂದು ಘಟಕ ಶುರುವಾಯಿತು. ಹಡಗು ಹತ್ತುವಾಗ ಈ ವಾಯುಪಡೆಯವರು ಹಡಗಿನ ಆಳುಗಳ ಪಟ್ಟಿಗೆ ಸಹಿ ಹಾಕಿ, ಸರಕು ಹಡಗಿನ ಕ್ಯಾಪ್ಟನ್ ಮಾತಿಗೆ ಒಳಪಡುತ್ತಿದ್ದರು.

ಪ್ರಶ್ನೆ: ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. 25 ಮೀಟರ್‌ನಲ್ಲಿ ವಿಮಾನ ಹೇಗೆ ಏಳುತ್ತದೆ? ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೀರಾ? (ಮೈಸೂರಿನ ವಿದ್ಯಾರ್ಥಿನಿ)

ಹೇಳುತ್ತೇನೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗವೇ ಇದು.

ವೈರಿ ವಿಮಾನ ಕಂಡಿದೆ. ಪೈಲಟ್ ಕಾಕ್‌ಪಿಟ್‌ನಲ್ಲಿ ಕೂತಿದ್ದಾನೆ. ಹಾರಿಸುವ ಸ್ವಿಚ್ ಸಾಮಾನ್ಯವಾಗಿ ಹಡಗಿನ ಫಸ್ಟ್ ಮೇಟ್, ಅಂದರೆ ಕ್ಯಾಪ್ಟನ್ ನಂತರದ ಅಧಿಕಾರಿಯ ಕೈಯಲ್ಲಿ. ಗಮನಿಸಿ, ವಾಯುಪಡೆಯವನಲ್ಲ, ಹಡಗಿನ ನಾವಿಕ. ಟ್ರಾಲಿಯನ್ನು ಹಿಡಿದಿಟ್ಟ ಪಿನ್ನುಗಳನ್ನು ತೆಗೆದು ಪೈಲಟ್‌ಗೆ ತೋರಿಸುತ್ತಾರೆ. ಪೈಲಟ್ ರೆಕ್ಕೆಯ ಫ್ಲಾಪ್‌ಗಳನ್ನು 30 ಡಿಗ್ರಿ ಇಳಿಸುತ್ತಾನೆ, ಕಡಿಮೆ ವೇಗದಲ್ಲೂ ರೆಕ್ಕೆಗೆ ಎತ್ತುವ ಬಲ ಸಿಗಲಿ ಅಂತ. ಬಾಲದಲ್ಲಿರುವ ದಿಕ್ಕು ತಿರುಗಿಸುವ ರಡ್ಡರನ್ನು ಮೂರರಲ್ಲಿ ಒಂದು ಭಾಗ ಬಲಕ್ಕೆ ಒತ್ತುತ್ತಾನೆ, ಯಾಕೆಂದರೆ ಪ್ರೊಪೆಲ್ಲರ್ ಪೂರ್ತಿ ಬಲದಲ್ಲಿ ತಿರುಗುವಾಗ ವಿಮಾನ ಎಡಕ್ಕೆ ಎಳೆಯುತ್ತದೆ. ಮೇಟ್ ತಲೆಯ ಮೇಲೆ ನೀಲಿ ಬಾವುಟ ಎತ್ತುತ್ತಾನೆ. ಕ್ಯಾಪ್ಟನ್ ಹಡಗನ್ನು ಗಾಳಿಗೆ ಎದುರಾಗಿ ತಿರುಗಿಸಿ ತನ್ನ ಬಲಗೈ ಎತ್ತುತ್ತಾನೆ. ಮೇಟ್ ಬಾವುಟ ಬೀಸುತ್ತಾನೆ.

ಈಗ ಪೈಲಟ್ ಥ್ರಾಟಲ್ ಪೂರ್ತಿ ತೆರೆದು, ಅದು ಹಿಂದಕ್ಕೆ ಜಾರದ ಹಾಗೆ ನಟ್ ಬಿಗಿ ಮಾಡುತ್ತಾನೆ. ತಲೆಯನ್ನು ಹಿಂದಿನ ಆಸರೆಗೆ ಒತ್ತಿ ಇಡುತ್ತಾನೆ. ಬಲ ಮೊಣಕೈಯನ್ನು ಸೊಂಟಕ್ಕೆ ಅವುಚಿಕೊಳ್ಳುತ್ತಾನೆ, ಹೊಡೆತಕ್ಕೆ ಕೈ ಹಿಂದೆ ಬಂದು ವಿಮಾನ ನಡೆಸುವ ಸ್ಟಿಕ್ ಎಳೆದುಬಿಟ್ಟರೆ ವಿಮಾನ ಮೂತಿ ಎತ್ತಿ ಅಲ್ಲೇ ಸಮುದ್ರಕ್ಕೆ ಬೀಳುತ್ತದೆ. ಎಲ್ಲ ಆದಮೇಲೆ ಎಡಗೈ ಇಳಿಸುತ್ತಾನೆ. ಅದೇ ಗುರುತು. ಮೇಟ್ ಮೂರರವರೆಗೆ ಎಣಿಸುತ್ತಾನೆ. ಆಮೇಲೂ ತಡೆಯುತ್ತಾನೆ, ಅಲೆಯ ತಗ್ಗಿನಿಂದ ಹಡಗಿನ ಮೂತಿ ಮೇಲೇಳುವವರೆಗೆ. ಎದ್ದ ಕೂಡಲೇ ಸ್ವಿಚ್. ರಾಕೆಟ್‌ಗಳೆಲ್ಲ ಒಟ್ಟಿಗೆ ಹೊತ್ತಿ, ಬೆಂಕಿ, ಹೊಗೆ, ಕಿವಿ ಗಡಚಿಕ್ಕುವ ಸದ್ದು, ಹಳಿಯ ತುದಿಯಲ್ಲಿ ಟ್ರಾಲಿ ನಿಲ್ಲುತ್ತದೆ, ವಿಮಾನ ಮುಂದೆ ಹೋಗಿರುತ್ತದೆ.

ಇಲ್ಲಿ ಒಂದು ಮಾತು. ಇದು ಯಂತ್ರದ ಕೆಲಸಕ್ಕಿಂತ ಜಾಸ್ತಿ ಮೂರು ಮನುಷ್ಯರ ನಂಬಿಕೆಯ ಕೆಲಸ. ಪೈಲಟ್ ಹೂಂ ಅನ್ನಬೇಕು, ಮೇಟ್ ಹೂಂ ಅನ್ನಬೇಕು, ಕ್ಯಾಪ್ಟನ್ ಹೂಂ ಅನ್ನಬೇಕು. ಕೈ ಸನ್ನೆ, ಬಾವುಟ, ಅಷ್ಟೇ. ಆ ಮೇಟ್ ಜೀವಮಾನವೆಲ್ಲ ಸರಕು ಏರಿಸುವುದು ಇಳಿಸುವುದು ನೋಡಿಕೊಂಡು ಬಂದವನು. ಅಲೆ ಯಾವಾಗ ಏಳುತ್ತದೆ ಅನ್ನೋದು ಅವನಿಗೆ ಗೊತ್ತಿದ್ದಷ್ಟು ಪೈಲಟ್‌ಗೆ ಗೊತ್ತಿರಲಿಲ್ಲ.

ವಿಮಾನದ ಸ್ಥಿತಿಯೂ ತಿಳಿದಿರಲಿ. ಇವು ಹೊಸ ಹರಿಕೇನ್‌ಗಳಲ್ಲ. ನೆಲದ ಮೇಲೆ ದುಡಿದು ಹಳತಾದವು. ಮರೆ ಇಲ್ಲ, ಸೂರು ಇಲ್ಲ, ವಾರಗಟ್ಟಲೆ ಉಪ್ಪು ನೀರಿನ ತುಂತುರಿನಲ್ಲಿ, ಉತ್ತರದ ಕಡೆ ಹೋದರೆ ಮಂಜುಗಡ್ಡೆಯಲ್ಲಿ ನಿಂತಿರುತ್ತಿದ್ದವು. ಎಂಜಿನ್ ನೋಡುವ ಒಬ್ಬ ಫಿಟ್ಟರ್, ವಿಮಾನದ ಮೈಕಟ್ಟು ನೋಡುವ ಒಬ್ಬ ರಿಗ್ಗರ್ ದಿನಾ ಒರೆಸಿ, ಎಂಜಿನ್ ಓಡಿಸಿ, ಯಾವತ್ತು ಕರೆ ಬಂದರೂ ಸಿದ್ಧ ಇರುವ ಹಾಗೆ ನೋಡಿಕೊಳ್ಳುತ್ತಿದ್ದರು. ಎಷ್ಟೋ ಪ್ರಯಾಣದಲ್ಲಿ ಕರೆ ಬರುತ್ತಲೇ ಇರಲಿಲ್ಲ.

ಪ್ರಶ್ನೆ: ಪೈಲಟ್ ಗತಿ ಏನು? ಸಾಯಲಿಕ್ಕೆ ಕಳಿಸಿದ ಹಾಗೆಯೇ ಅಲ್ಲವೇ? ಇದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ಆ ಹುಡುಗರ ತಾಯಂದಿರನ್ನು ನೆನೆದೆ. (ಶಿವಮೊಗ್ಗದಿಂದ ಒಬ್ಬ ತಾಯಿ)

ನಿಮ್ಮ ಪತ್ರ ಓದಿ ನಾನೂ ಸ್ವಲ್ಪ ಹೊತ್ತು ಸುಮ್ನೆ ಕೂತೆ ಅಮ್ಮಾ. ಸಮಾಧಾನದ ಮಾತು ಒಂದಿದೆ, ಮೊದಲು ಅದನ್ನೇ ಹೇಳುತ್ತೇನೆ. ಕ್ಯಾಮ್ ಹಡಗುಗಳಿಂದ ಯುದ್ಧಕ್ಕೆ ಹಾರಿದವರಲ್ಲಿ ಸತ್ತದ್ದು ಒಬ್ಬರೇ. ಉಳಿದವರೆಲ್ಲ ಬದುಕಿದರು, ಹೆಚ್ಚಿನವರನ್ನು ನೀರಿನಿಂದ ಎತ್ತಿದರು. ಮತ್ತೆ, ಇವರು ಯಾರನ್ನೂ ಬಲವಂತದಿಂದ ಕಳಿಸಿರಲಿಲ್ಲ, ತಾವಾಗಿ ಹೆಸರು ಕೊಟ್ಟು ಬಂದವರು.

ಕಾಳಗ ಮುಗಿದ ಮೇಲೆ ಪೈಲಟ್‌ಗೆ ಮೂರು ದಾರಿ. ನೆಲ ಹತ್ತಿರ ಇದ್ದರೆ ಅಲ್ಲಿಗೆ ಹೋಗಿ ಇಳಿಯುವುದು. ಅದು ಅಪರೂಪ. ಇಲ್ಲವಾದರೆ ಬೆಂಗಾವಲು ಹಡಗಿನ ಹತ್ತಿರ ಬಂದು ಪ್ಯಾರಾಶೂಟ್ ಕಟ್ಟಿಕೊಂಡು ಜಿಗಿಯುವುದು. ಅಥವಾ ವಿಮಾನವನ್ನೇ ನೀರಿನ ಮೇಲೆ ಇಳಿಸುವುದು. ಹರಿಕೇನ್‌ಗೆ ಹೊಟ್ಟೆಯ ಕೆಳಗೆ ರೇಡಿಯೇಟರ್‌ನ ದೊಡ್ಡ ಬಾಯಿ ಇದೆ. ನೀರಿಗೆ ತಾಗಿದ ಕೂಡಲೇ ಅದು ನೀರನ್ನು ಬಾಚಿಕೊಂಡು ವಿಮಾನವನ್ನು ಮೂತಿ ಅಡಿಯಾಗಿ ಕೆಡವುತ್ತದೆ. ಅದಕ್ಕೇ ಜಿಗಿಯುವುದೇ ಮೇಲು ಅಂತ ಹೇಳುತ್ತಿದ್ದರು.

ರಾಬರ್ಟ್ ಎವರೆಟ್ ಅನ್ನೋರು ನೌಕಾಪಡೆಯ ಪೈಲಟ್, 'ಮೇಪ್ಲಿನ್' ಹಡಗಿನವರು. ಯುದ್ಧಕ್ಕೆ ಮೊದಲು ಕುದುರೆ ಜಾಕಿ ಆಗಿದ್ದರು. 1929ರಲ್ಲಿ ಇಂಗ್ಲೆಂಡಿನ ಹೆಸರಾಂತ ಗ್ರ್ಯಾಂಡ್ ನ್ಯಾಷನಲ್ ರೇಸನ್ನು, ಯಾರೂ ಗೆಲ್ಲುತ್ತದೆ ಅಂದುಕೊಂಡಿರದ 'ಗ್ರೆಗಲಾಕ್' ಅನ್ನೋ ಕುದುರೆಯ ಮೇಲೆ ಗೆದ್ದವರು. 1941ರ ಆಗಸ್ಟ್ 3ರಂದು ರಾಕೆಟ್ ಬಲದಲ್ಲಿ ಹಾರಿ ಒಂದು ಕಾಂಡೋರನ್ನು ಕೆಡವಿದರು. ಹಡಗಿನಿಂದ ಕವಣೆಯ ಹಾಗೆ ಹಾರಿಸಿದ ಹರಿಕೇನ್‌ಗೆ ಇದೇ ಮೊದಲ ಗೆಲುವು. ವಿಮಾನವನ್ನು ನೀರಿಗಿಳಿಸಿದರು, ಅದು ಮುಳುಗಿತು, ಅವರು ಹೊರಬಂದರು, ಬೆಂಗಾವಲು ಹಡಗಿನವರು ಎತ್ತಿಕೊಂಡರು. ಆದರೆ ಮುಂದಿನ ಜನವರಿಯಲ್ಲಿ ಇನ್ನೊಂದು ಹಾರಾಟದಲ್ಲಿ ವಿಮಾನ ಬಿದ್ದು ತೀರಿಕೊಂಡರು.

ಇನ್ನು 1942ರ ಮೇ 25. ಉತ್ತರದ ಹಿಮ ಸಮುದ್ರ. ಸೋವಿಯತ್ ರಷ್ಯಾಕ್ಕೆ ಸಾಮಾನು ಒಯ್ಯುವ ಒಂದು ಕಾನ್ವಾಯ್ ಅತ್ತ ಹೋಗುತ್ತಿದೆ, ಇನ್ನೊಂದು ಅಲ್ಲಿಂದ ವಾಪಸು ಬರುತ್ತಿದೆ. ಒಂದೇ ದಿನ ಎರಡರಿಂದಲೂ ಒಂದೊಂದು ಹರಿಕೇನ್ ಹಾರಿತು. ಹೋಗುವ ಕಾನ್ವಾಯ್‌ನ 'ಎಂಪೈರ್ ಲಾರೆನ್ಸ್'ನಿಂದ ಹಾರಿದವರು ಹೇ ಅನ್ನೋ ಪೈಲಟ್. ಒಂದು ಹೈಂಕೆಲ್ ಬಾಂಬರ್ ಕೆಡವಿ, ಇನ್ನೊಂದಕ್ಕೆ ಪೆಟ್ಟು ಕೊಟ್ಟು, ತಾವೂ ಗಾಯಗೊಂಡು ಜಿಗಿದರು. ಆ ನೀರಿನಲ್ಲಿ ಮನುಷ್ಯ ಉಳಿಯುವುದು ನಿಮಿಷಗಳ ಲೆಕ್ಕದಲ್ಲಿ. ಡೆಸ್ಟ್ರಾಯರ್ ಬೇಗ ಬಂದು ಎತ್ತಿತು, ಬದುಕಿದರು. ಎರಡು ದಿನದ ಮೇಲೆ ಅವರ ಹಡಗು 'ಎಂಪೈರ್ ಲಾರೆನ್ಸ್' ಬಾಂಬ್ ದಾಳಿಯಲ್ಲಿ ಮುಳುಗಿತು.

ವಾಪಸು ಬರುವ ಕಾನ್ವಾಯ್‌ನ 'ಎಂಪೈರ್ ಮಾರ್ನ್'ನಿಂದ ಹಾರಿದವರು ಕೆಂಡಲ್. ಒಂದು ಯುಂಕರ್ಸ್ ಬಾಂಬರ್ ಹೊಡೆದರು. ತಮ್ಮ ಹಡಗುಗಳ ಹತ್ತಿರ ಬಂದು ಜಿಗಿದರು. ಪ್ಯಾರಾಶೂಟ್ ತಡವಾಗಿ ಬಿಚ್ಚಿಕೊಂಡಿತು. ಸತ್ತದ್ದು ಒಬ್ಬರೇ ಅಂದೆನಲ್ಲ, ಆ ಒಬ್ಬರು ಇವರೇ. ಕಾಳಗ ಗೆದ್ದು, ಎಲ್ಲ ಸರಿಯಾಗಿ ಮಾಡಿ, ಕೊನೆಯ ನೂರಾರು ಅಡಿಯಲ್ಲಿ ಹೋದರು. ನನಗೆ ಈ ಹೆಸರು ಮರೆಯುವುದೇ ಇಲ್ಲ.

ಅದೇ 'ಎಂಪೈರ್ ಮಾರ್ನ್'ನಿಂದ ಸೆಪ್ಟೆಂಬರ್ 18ರಂದು ಬರ್ ಅನ್ನೋ ಪೈಲಟ್ ಹಾರಿದರು. ಬಾಂಬರ್‌ಗಳನ್ನು ಎದುರಿಸಿ, ಗುಂಡು ಮುಗಿದ ಮೇಲೆ ಜಿಗಿಯದೆ, ಇದ್ದ ಪೆಟ್ರೋಲಿನಲ್ಲಿ ಅರ್ಖಾಂಗೆಲ್ಸ್ಕ್ ಹತ್ತಿರದ ರಷ್ಯನ್ ನೆಲೆಗೆ ಹಾರಿ ಹೋಗಿ ಇಳಿದರು. ಟ್ಯಾಂಕಿನಲ್ಲಿ ಉಳಿದದ್ದು ತಳದಲ್ಲಿ ಒಂದಿಷ್ಟು. ಮನುಷ್ಯನೂ ಉಳಿದ, ವಿಮಾನವೂ ಉಳಿಯಿತು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಇಷ್ಟೆಲ್ಲ ಮಾಡಿ ಕೆಡವಿದ ವಿಮಾನ ಎಷ್ಟು? ಲೆಕ್ಕ ಹಾಕಿದರೆ ಇದು ನಷ್ಟದ ಬಾಬತ್ತು ಅನ್ನಿಸುತ್ತದೆ. (ಗದಗದ ಓದುಗರು)

ಸರ್, ಕೆಡವಿದ ವಿಮಾನ ಎಣಿಸಿದರೆ ನೀವು ಹೇಳಿದ್ದೇ ಸರಿ. 35 ಹಡಗು, ಸುಮಾರು 170 ಪ್ರಯಾಣ, ಕಾಳಗಕ್ಕೆ ಹಾರಿದ್ದು ಹತ್ತಕ್ಕೂ ಕಡಿಮೆ ಸಲ. 35ರಲ್ಲಿ 12 ಹಡಗು ಮುಳುಗಿದವು. ಮೊದಲನೆಯದಾದ 'ಮೈಕೆಲ್ ಇ' ತನ್ನ ಮೊದಲ ಪ್ರಯಾಣದಲ್ಲೇ, 1941ರ ಜೂನ್ 2ರಂದು, ಸಬ್‌ಮೆರಿನ್ ಹೊಡೆತಕ್ಕೆ ಹೋಯಿತು. ವಿಮಾನ ಟಾರ್ಪೆಡೊ ತಡೆಯಲಾರದು.

ಆದರೆ ಎಣಿಕೆಯನ್ನು ಬೇರೆ ಕಡೆಯಿಂದ ಶುರು ಮಾಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಕಡೆ ಜೋಳದ ಹೊಲದಲ್ಲಿ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸುವವರನ್ನು ನೋಡಿದ್ದೀರಿ. ಸಂಜೆಗೆ ಎಷ್ಟು ಹಕ್ಕಿ ಬಿದ್ದವು ಅಂತ ಯಾರಾದರೂ ಕೇಳುತ್ತಾರಾ? ತೆನೆ ಎಷ್ಟು ಉಳಿಯಿತು ಅಂತ ಕೇಳುತ್ತಾರೆ. 1941ರ ನವೆಂಬರ್ 1ರಂದು 'ಎಂಪೈರ್ ಫೋಮ್'ನಿಂದ ವಾರ್ಲಿ ಅನ್ನೋ ಪೈಲಟ್ ಹಾರಿದರು. ಕ್ಯಾಮ್ ಹಡಗಿನಿಂದ ಕಾಳಗಕ್ಕೆ ಹಾರಿದ್ದು ಅದೇ ಮೊದಲು. ಕಾಂಡೋರ್ ಬೀಳಲಿಲ್ಲ, ಓಡಿಹೋಯಿತು. ಓಡಿದ ಕಾಂಡೋರ್ ಸಬ್‌ಮೆರಿನ್‌ಗಳಿಗೆ ದಾರಿ ತೋರಿಸಲಾರದು. ಅಷ್ಟು ಸಾಕಿತ್ತು.

ಕಾಂಡೋರ್ ಮೂಲದಲ್ಲಿ ಪ್ರಯಾಣಿಕರ ವಿಮಾನ ಅಂದೆನಲ್ಲ, ಅದರ ಮೈಕಟ್ಟು ಕಾಳಗಕ್ಕೆ ಸಾಲದಷ್ಟು ನಾಜೂಕು. ಭಾರ ಹೊತ್ತು ನೆಲಕ್ಕಿಳಿಯುವಾಗಲೇ ಎಷ್ಟೋ ವಿಮಾನಗಳ ಬೆನ್ನು ಮುರಿದಿತ್ತು. ವೇಗವೂ ಹರಿಕೇನ್‌ಗಿಂತ ತುಂಬಾ ಕಡಿಮೆ. ಇಡೀ ಯುದ್ಧದಲ್ಲಿ ಇವನ್ನು ಕಟ್ಟಿದ್ದೇ ಮುನ್ನೂರಕ್ಕಿಂತ ಕಡಿಮೆ. ಇಂಥದ್ದನ್ನು ಕಳೆದುಕೊಳ್ಳಲು ಜರ್ಮನಿಗೆ ಮನಸ್ಸಿಲ್ಲ. ಹಾಗಾಗಿ 1941ರ ನಡುವಿನಿಂದ ಹಡಗಿನ ಹತ್ತಿರ ತಗ್ಗಿ ಬಂದು ದಾಳಿ ಮಾಡುವುದನ್ನು ಬಿಡಿಸಿದರು. ಇದಕ್ಕೆ ಸರಕು ಹಡಗುಗಳಿಗೆ ಹೆಚ್ಚು ತೋಪು ಕೂರಿಸಿದ್ದೂ ಕಾರಣ, ಎಲ್ಲ ಕೀರ್ತಿಯೂ ಹರಿಕೇನ್‌ದೇ ಅನ್ನುವುದಿಲ್ಲ.

ನನ್ನನ್ನು ಕಾಡುವ ಕಷ್ಟ ಬೇರೆಯದು. ಹರಿಕೇನ್ ಇರುವುದು ಒಂದು. ಬೆಳಿಗ್ಗೆ ಒಂದು ಕಾಂಡೋರ್ ದೂರದಲ್ಲಿ ಕಂಡಿತು. ಈಗಲೇ ಹಾರಿಸಬೇಕಾ? ಹಾರಿಸಿದರೆ ಮಧ್ಯಾಹ್ನ ಐದು ಬಾಂಬರ್ ಒಟ್ಟಿಗೆ ಬಂದರೆ ಏನೂ ಇಲ್ಲ. ತಡೆದರೆ ಅದು ರೇಡಿಯೋದಲ್ಲಿ ಎಲ್ಲ ಹೇಳಿಬಿಡುತ್ತದೆ. ಮೋಡಕ್ಕೆ ನುಗ್ಗಿ ತಪ್ಪಿಸಿಕೊಂಡರೆ ವಿಮಾನವೂ ಹೋಯಿತು, ಪೈಲಟ್ ಸುಮ್ನೆ ತಣ್ಣೀರಿಗೆ ಬಿದ್ದ. ಹತ್ತಕ್ಕೂ ಕಡಿಮೆ ಸಲ ಹಾರಿದರು ಅನ್ನುವ ಸಂಖ್ಯೆಯ ಹಿಂದೆ, ಹಾರಿಸದೆ ಬಿಟ್ಟ ಎಷ್ಟೋ ಬೆಳಗುಗಳಿವೆ. ಅವೂ ಕಷ್ಟದ ತೀರ್ಮಾನಗಳೇ.

ಪ್ರಶ್ನೆ: ಆ ಹಡಗುಗಳಲ್ಲಿ ನಮ್ಮವರು ಇದ್ದರಾ? (ಮಂಗಳೂರಿನ ಓದುಗರು, ಮಗ ಮರ್ಚೆಂಟ್ ನೇವಿಯಲ್ಲಿದ್ದಾರೆ)

ಕಾನ್ವಾಯ್‌ಗಳಲ್ಲಿ ಖಂಡಿತ ಇದ್ದರು. ಆಗ ಬ್ರಿಟನ್ನಿನ ಸರಕು ಹಡಗುಗಳಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರು ಭಾರತದ ಕಡೆಯವರು. ಲಸ್ಕರ್ ಅಂತ ಕರೆಯುತ್ತಿದ್ದರು, ನಮ್ಮ ಮಾತಿನಲ್ಲಿ ಖಲಾಸಿಗಳು. ಸಿಲ್ಹೆಟ್, ಗೋವಾ, ರತ್ನಾಗಿರಿ ಕಡೆಯವರು ಜಾಸ್ತಿ. ಎಂಜಿನ್ ಮನೆಯಲ್ಲಿ ಕಲ್ಲಿದ್ದಲು ಹಾಕುವುದು, ಅಡುಗೆ, ಡೆಕ್ ಕೆಲಸ. ಎಂಜಿನ್ ಮನೆ ಹಡಗಿನ ತಳದಲ್ಲಿ, ಟಾರ್ಪೆಡೊ ಬಡಿಯುವುದೂ ಅಲ್ಲೇ.

1940ರಲ್ಲಿ ಇಟಲಿ ಯುದ್ಧಕ್ಕೆ ಇಳಿದ ಮೇಲೆ ಮೆಡಿಟರೇನಿಯನ್ ದಾರಿ ಸರಕು ಹಡಗುಗಳಿಗೆ ಹೆಚ್ಚುಕಡಿಮೆ ಮುಚ್ಚಿಹೋಯಿತು. ಬೊಂಬಾಯಿ, ಕಲ್ಕತ್ತಾದಿಂದ ಹೊರಟ ಹಡಗುಗಳು ಆಫ್ರಿಕಾ ಸುತ್ತಿ, ಸಿಯೆರಾ ಲಿಯೋನ್‌ನ ಫ್ರೀಟೌನ್‌ನಲ್ಲಿ ಕಾನ್ವಾಯ್ ಸೇರಿ ಬ್ರಿಟನ್‌ಗೆ ಹೋಗುತ್ತಿದ್ದವು. ಎವರೆಟ್ ಕಾಂಡೋರ್ ಕೆಡವಿದ್ದು ಇಂಥ ಫ್ರೀಟೌನ್ ಕಾನ್ವಾಯ್ ಒಂದನ್ನು ಕಾಯುವಾಗಲೇ. ಕಡಲೇ ಸಮಾಧಿಯಾದ ಸುಮಾರು ಆರು ಸಾವಿರ ಭಾರತೀಯ ಸರಕು ನಾವಿಕರ ಹೆಸರು ಮುಂಬೈ ಮತ್ತು ಚಿತ್ತಗಾಂಗ್‌ನಲ್ಲಿ ಇಟ್ಟಿರುವ ಸ್ಮಾರಕ ಪುಸ್ತಕಗಳಲ್ಲಿವೆ. ನಿಮ್ಮ ಮಗ ಮುಂಬೈ ಬಂದರಿಗೆ ಬಂದಾಗ ಮಸೀದಿ ಬಂದರ್ ಕಡೆಯ ನಾವಿಕರ ಮನೆಯಲ್ಲಿ ನೋಡಲು ಹೇಳಿ.

ಪ್ರಶ್ನೆ: ಮುಂದೆ ಯಾಕೆ ನಿಲ್ಲಿಸಿದರು? ಆ ವಿಮಾನಗಳು ಈಗ ಎಲ್ಲಾದರೂ ನೋಡಲು ಸಿಗುತ್ತವಾ? (ಹಾಸನದ ಓದುಗರು)

ಇಳಿಯಲು ಜಾಗ ಇರುವ ಹಡಗು ಬಂತು, ಅದಕ್ಕೇ ನಿಲ್ಲಿಸಿದರು. ಜರ್ಮನಿಯಿಂದ ಹಿಡಿದ 'ಹ್ಯಾನೋವರ್' ಅನ್ನೋ ಸರಕು ಹಡಗಿನ ಮೇಲ್ಭಾಗ ಕತ್ತರಿಸಿ, ಚಪ್ಪಟೆ ಡೆಕ್ ಹಾಸಿ, 'ಆಡಾಸಿಟಿ' ಅಂತ ಹೆಸರಿಟ್ಟರು. ವಿಮಾನ ಒಳಗಿಡಲು ಜಾಗವೂ ಇಲ್ಲದ ಪುಟ್ಟ ವಾಹಕ. 1941ರ ಡಿಸೆಂಬರ್ 21ರಂದು ಮುಳುಗಿತು, ಆದರೆ ಅಷ್ಟರಲ್ಲಿ ಅದರ ಫೈಟರ್‌ಗಳು ಮತ್ತೆ ಮತ್ತೆ ಹಾರಿ ಮತ್ತೆ ಮತ್ತೆ ಇಳಿದು ಏನು ಮಾಡಬಹುದು ಅಂತ ತೋರಿಸಿದ್ದವು. ಆಮೇಲೆ ಅಂಥವು ಸಾಲಾಗಿ ಬಂದವು. 1943ರಲ್ಲಿ ಗೋಧಿ ಹಡಗು, ಎಣ್ಣೆ ಹಡಗುಗಳ ಮೇಲೂ ಡೆಕ್ ಹಾಸಿದರು. ಗೋಧಿ, ಎಣ್ಣೆ ಕೊಳವೆಯಿಂದಲೇ ತುಂಬಿಸಬಹುದು, ಕ್ರೇನ್ ಕಂಬ ಬೇಡ, ಹಾಗಾಗಿ ಮೇಲ್ಭಾಗ ಖಾಲಿ ಬಿಡಬಹುದು. ಸರಕೂ ಹೋಯಿತು, ವಿಮಾನವೂ ಇಳಿಯಿತು.

ಕ್ಯಾಮ್ ಹಡಗುಗಳ ಕೊನೆಯ ಕಾಳಗ 1943ರ ಜುಲೈ 28. ಫ್ರೀಟೌನ್‌ನಿಂದ ಬರುತ್ತಿದ್ದ ಕಾನ್ವಾಯ್ ಮೇಲೆ ಕಾಂಡೋರ್‌ಗಳು ಬಂದವು. 'ಎಂಪೈರ್ ಡಾರ್ವಿನ್'ನಿಂದ ಸ್ಟೂವರ್ಟ್, 'ಎಂಪೈರ್ ಟೈಡ್'ನಿಂದ ಫ್ಲಿನ್ ಹಾರಿದರು. ಇಬ್ಬರೂ ಒಂದೊಂದು ಕೆಡವಿದರು, ಇಬ್ಬರೂ ಜಿಗಿದರು, ಇಬ್ಬರನ್ನೂ ಎತ್ತಿದರು. ಸೆಪ್ಟೆಂಬರ್ 7ಕ್ಕೆ ಸ್ಪೀಕ್‌ನಲ್ಲಿ ಶುರುವಾಗಿದ್ದ ಆ ಪೈಲಟ್‌ಗಳ ಘಟಕವನ್ನೇ ಮುಚ್ಚಿದರು.

ಇಂಗ್ಲೆಂಡಿನ ಷಟಲ್‌ವರ್ತ್ ಸಂಗ್ರಹದಲ್ಲಿ ಇವತ್ತಿಗೂ ಹಾರುವ ಒಂದು ಸೀ ಹರಿಕೇನ್ (ಹಡಗಿಗಾಗಿ ಬದಲಿಸಿದ ಹರಿಕೇನ್) ಇದೆ. ಆದರೆ ಅದು ಡೆಕ್ ಮೇಲೆ ಇಳಿಯುವ ಕೊಕ್ಕೆ ಇರುವ ಮಾದರಿ, ರಾಕೆಟ್ ಹಳಿಯದಲ್ಲ. ಕಾಳಗಕ್ಕೆ ಹಾರಿದ ರಾಕೆಟ್ ಹರಿಕೇನ್‌ಗಳು ಬಹುತೇಕ ಎಲ್ಲವೂ ಸಮುದ್ರದ ತಳದಲ್ಲಿವೆ. ಅವುಗಳ ಪೈಲಟ್‌ಗಳು ಒದ್ದೆ ಬಟ್ಟೆಯಲ್ಲಿ, ಯಾವುದೋ ಬೆಂಗಾವಲು ಹಡಗಿನ ಡೆಕ್ ಮೇಲೆ ನಿಂತು, ಕಾನ್ವಾಯ್ ಜೊತೆಗೇ ಮುಂದೆ ಹೋದರು.